ದೂರದಾರಿಯ ರಾವುತರು

ಹೊಸ ಊರಿಗೆ ಹೋಗುವುದು ಸುಲಭ. ಆ ಊರಿನವರಲ್ಲಿ ಒಬ್ಬನಾಗುವುದು ಕಷ್ಟ. ನಮ್ಮ ಹಳ್ಳಿಗಳಲ್ಲಿ ಈ ಕಷ್ಟವನ್ನು ನೀಗುವುದಕ್ಕೆ ಒಂದು ಹಳೆಯ ಉಪಾಯವಿತ್ತು. ಅರಳಿಕಟ್ಟೆಯ ಮೇಲೆ ಕುಳಿತ ಹಿರಿಯರು ದಾರಿಹೋಕನನ್ನು ನಿಲ್ಲಿಸಿ, “ಯಾವೂರಾಯ್ತು? ಯಾರ ಮನೆಗೆ?” ಎಂದು ಕೇಳುತ್ತಿದ್ದರು. ನಾಲ್ಕು ಮಾತು ಮುಗಿಯುವುದರೊಳಗೆ ಅವನ ಸೋದರಮಾವನ ಊರು, ಹೆಣ್ಣು ಕೊಟ್ಟ ಮನೆ ಎಲ್ಲವೂ ಹೊರಬಿದ್ದು ಎಲ್ಲಿಯೋ ಒಂದು ನಂಟು ಸಿಕ್ಕುತ್ತಿತ್ತು. ನಂಟು ಸಿಕ್ಕದಿದ್ದರೆ ಒಂದು ಲೋಟ ಮಜ್ಜಿಗೆಯಾದರೂ ಸಿಕ್ಕುತ್ತಿತ್ತು. ಪಟ್ಟಣಗಳಲ್ಲಿ ಈಗ ಇಂಥ ಪ್ರಶ್ನೆಯೇ ಅಸಭ್ಯವೆನಿಸಿದೆ. ಪರದೇಶಗಳಲ್ಲಂತೂ ಹೇಳುವುದೇ ಬೇಡ. ಎದುರು ಬಂದವರು ಮುಗುಳ್ನಗುತ್ತಾರೆ, ಬಿಸಿಲು ಮಳೆಗಳ ವಿಚಾರವಾಗಿ ಎರಡು ಮಾತಾಡುತ್ತಾರೆ, ಅಲ್ಲಿಗೆ ಮುಗಿಯಿತು. ಹತ್ತು ವರ್ಷ ಒಂದೇ ಬೀದಿಯಲ್ಲಿದ್ದೂ ಗುರುತಿನಿಂದ ಗೆಳೆತನಕ್ಕೆ ದಾಟದವರು ಅಲ್ಲಿ ಎಷ್ಟೋ ಮಂದಿ. ನಮ್ಮ ಪಟ್ಟಣಗಳಲ್ಲಿಯೂ ಅಂಥವರು ಕಡಿಮೆಯೇನೂ ಇಲ್ಲ.

ಹೊಸಬರನ್ನು ತಮ್ಮವರನ್ನಾಗಿ ಮಾಡಿಕೊಳ್ಳಬಲ್ಲ ಒಂದು ಸಮಾಜವನ್ನು ನಾನು ಕಂಡದ್ದು ಕುದುರೆಗಳ ನಡುವೆ. ನಾನು ಕನ್ನಡ ಪಾಠ ಹೇಳುವವನು. ಕುದುರೆಯೊಡನೆ ನನ್ನ ಪರಿಚಯ ಹಳಗನ್ನಡ ಕಾವ್ಯದ ಯುದ್ಧವರ್ಣನೆಗಳನ್ನೂ ಜಾತ್ರೆಯ ಮರದ ಕುದುರೆಯನ್ನೂ ಮೀರಿದ್ದಲ್ಲ. ಆದರೂ 2018ರ ಬೇಸಿಗೆಯ ರಜೆಯಲ್ಲಿ ಕ್ಯಾಲಿಫೋರ್ನಿಯದಲ್ಲಿ ತಮ್ಮನ ಮನೆಯಲ್ಲಿದ್ದಾಗ ಕಂಡದ್ದನ್ನು ವಾಚಕರ ಮುಂದಿಡುವುದು ಉಚಿತವೆಂದು ನನಗೆ ತೋರಿದೆ.

ಅಲ್ಲಿಯವರು ‘ಎಂಡ್ಯೂರೆನ್ಸ್ ರೈಡಿಂಗ್’ ಎಂದು ಕರೆಯುವ ಈ ಕ್ರೀಡೆಗೆ ನಾನು ‘ದೂರಸವಾರಿ’ ಎಂಬ ಹೆಸರನ್ನು ಬಳಸುತ್ತೇನೆ. ರೇಸಿನ ಮೈದಾನದಲ್ಲಿ ಕುದುರೆ ಓಡುವುದು ಎರಡು ಮೂರು ನಿಮಿಷ ಮಾತ್ರ. ದೂರಸವಾರಿಯಲ್ಲಿ ಅದು ಬೆಟ್ಟ ಕಣಿವೆಗಳ ಕಾಲುದಾರಿಯಲ್ಲಿ ಐವತ್ತು ಮೈಲಿಯನ್ನೋ ನೂರು ಮೈಲಿಯನ್ನೋ ಒಂದೇ ದಿನದಲ್ಲಿ ಕ್ರಮಿಸಬೇಕು. ಐವತ್ತಕ್ಕೆ ಹನ್ನೆರಡು ಗಂಟೆ, ನೂರಕ್ಕೆ ಇಪ್ಪತ್ತನಾಲ್ಕು ಗಂಟೆ ಅವಧಿ. ಹೊಸಬರಿಗಾಗಿ ಇಪ್ಪತ್ತೈದು ಮೈಲಿಯ ಕಿರುಸವಾರಿಯೂ ಉಂಟು. ಅದಕ್ಕೆ ಆರು ಗಂಟೆ.

ಈ ಕ್ರೀಡೆಯ ಇಂದಿನ ರೂಪ ಮೊದಲಾದದ್ದು 1955ರಲ್ಲಿ. ಕ್ಯಾಲಿಫೋರ್ನಿಯದ ಆಬರ್ನ್ ಎಂಬ ಊರಿನಲ್ಲಿ ವೆಂಡೆಲ್ ರೋಬಿ ಎಂಬ ಉದ್ಯಮಿಯಿದ್ದ. ಈಚಿನ ಕುದುರೆಗಳಿಗೆ ಒಂದು ದಿನದಲ್ಲಿ ನೂರು ಮೈಲಿ ಸಾಗುವ ಕಸುವಿಲ್ಲವೆಂಬ ಮಾತು ಅವನ ಕಿವಿಗೆ ಬಿತ್ತು. ಅವನು ವಾದಕ್ಕೆ ನಿಲ್ಲಲಿಲ್ಲ. ಕೆಲವರು ಗೆಳೆಯರನ್ನು ಕೂಡಿಕೊಂಡು, ಟಾಹೋ ಸರೋವರದ ಕಡೆಯಿಂದ ಸಿಯೆರ ನೆವಾಡ ಪರ್ವತಗಳನ್ನು ದಾಟಿ, ಆಬರ್ನಿಗೆ ಕುದುರೆಯ ಮೇಲೆ ಬಂದುಬಿಟ್ಟ. ‘ಟೆವಿಸ್ ಕಪ್’ ಎಂದು ಹೆಸರಾದ ಆ ಸವಾರಿ ಇಂದಿಗೂ ನಡೆಯುತ್ತಿದೆ. ಹೊರಟವರಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಮಂದಿ ಮಾತ್ರ ಗುರಿ ಮುಟ್ಟುತ್ತಾರೆ. ಮುಟ್ಟಿದವರೆಲ್ಲರಿಗೂ ಒಂದೇ ಬಗೆಯ ಬೆಳ್ಳಿಯ ಸೊಂಟಪಟ್ಟಿಯ ಬಕಲ್ಲು. 1966ರಲ್ಲಿ ಆಸ್ಟ್ರೇಲಿಯದವರು ಇದೇ ಮಾದರಿಯಲ್ಲಿ ‘ಟಾಮ್ ಕ್ವಿಲ್ಟಿ’ ಸವಾರಿಯನ್ನು ಆರಂಭಿಸಿದರು. 1972ರಲ್ಲಿ ಅಮೆರಿಕದ ದೂರಸವಾರರು ತಮ್ಮದೇ ಸಂಘವನ್ನು ಕಟ್ಟಿಕೊಂಡರು. ಅದರ ಧ್ಯೇಯವಾಕ್ಯ, ‘ಮುಗಿಸಿದವನೇ ಗೆದ್ದವನು’ ಎಂದು. ಮೊದಲು ಬಂದವನಿಗೆ ಹೆಸರೇನೋ ಉಂಟು. ಆದರೆ ಕೊನೆಗೆ ಬಂದವನೂ ಸೋತವನಲ್ಲ.

ಮುಗಿಸುವುದೆಂದರೆ ಗೆರೆ ದಾಟುವುದಷ್ಟೇ ಅಲ್ಲ. ದಾರಿಯ ನಡುನಡುವೆ ತಪಾಸಣೆಯ ಕಟ್ಟೆಗಳಿರುತ್ತವೆ. ಅಲ್ಲಿ ಪಶುವೈದ್ಯರು ಪ್ರತಿಯೊಂದು ಕುದುರೆಯ ನಾಡಿ ನೋಡುತ್ತಾರೆ. ಬಂದು ಅರ್ಧ ಗಂಟೆಯೊಳಗೆ ಎದೆಬಡಿತ ಗೊತ್ತಾದ ಮಿತಿಗೆ, ಸಾಮಾನ್ಯವಾಗಿ ನಿಮಿಷಕ್ಕೆ ಅರುವತ್ತರ ಆಸುಪಾಸಿಗೆ, ಇಳಿಯಬೇಕು. ಒಸಡನ್ನು ಬೆರಳಿನಿಂದ ಒತ್ತಿ ಬಿಟ್ಟು ನೆತ್ತರು ಎಷ್ಟು ಬೇಗ ಮರಳುತ್ತದೆಂದು ಪರೀಕ್ಷಿಸುತ್ತಾರೆ. ಕತ್ತಿನ ಚರ್ಮವನ್ನು ಚಿವುಟಿ ಮೈಯಲ್ಲಿ ನೀರು ಕಡಿಮೆಯಾಗಿದೆಯೆ ಎಂದು ಅಳೆಯುತ್ತಾರೆ. ಹೊಟ್ಟೆಗೆ ಕಿವಿಗೊಟ್ಟು ಕರುಳಿನ ಸದ್ದನ್ನು ಆಲಿಸುತ್ತಾರೆ. ಕೊನೆಗೆ ಕುಕ್ಕುಲೋಟದಲ್ಲಿ ಓಡಿಸಿ, ಎಲ್ಲಿಯಾದರೂ ಕುಂಟುತ್ತಿದೆಯೆ ಎಂದು ನೋಡುತ್ತಾರೆ. ಯಾವುದೊಂದು ತಪ್ಪಿದರೂ ಅಂದಿನ ಸವಾರಿ ಅಲ್ಲಿಗೆ ಮುಗಿಯಿತು. ಗುರಿ ತಲುಪಿದ ಮೇಲೂ ಈ ಪರೀಕ್ಷೆ ತಪ್ಪದು. ಇನ್ನೂ ಮುಂದೆ ಹೋಗಬಲ್ಲ ಕುದುರೆಯೇ ಮುಗಿಸಿದ ಕುದುರೆ. ಸವಾರನ ಆಸೆ ಎಷ್ಟೇ ದೊಡ್ಡದಾಗಿರಲಿ, ತೀರ್ಪು ಮೂಕಪ್ರಾಣಿಯದು.

ಇನ್ನು ನಾನು ಕಂಡ ಗೆಳೆತನದ ವಿಷಯ. ನನ್ನ ತಮ್ಮ ಕೆಲಸದ ನಿಮಿತ್ತ ಟೆಕ್ಸಾಸಿನಿಂದ ಆಬರ್ನಿನ ಹತ್ತಿರಕ್ಕೆ ಸಂಸಾರವನ್ನು ಸಾಗಿಸಿ ಒಂಬತ್ತು ತಿಂಗಳಾಗಿತ್ತು. ಅವನ ಮಗಳಿಗೆ ಆಗ ಹದಿನಾಲ್ಕು ವರ್ಷ. ಹೊಸ ಶಾಲೆಯಲ್ಲಿ ಅವಳಿಗೆ ಒಬ್ಬ ಗೆಳತಿಯೂ ಆಗಿರಲಿಲ್ಲ. ಮಧ್ಯಾಹ್ನದ ಊಟವನ್ನು ಪುಸ್ತಕಾಲಯದ ಮೂಲೆಯಲ್ಲಿ ಕುಳಿತು ಉಣ್ಣುತ್ತಾಳೆಂದು ಶಾಲೆಯಿಂದ ಬಂದ ಕಾಗದವನ್ನು ನನ್ನ ನಾದಿನಿ ನನಗೆ ತೋರಿಸಿದಳು. ಹುಡುಗಿ ಮನೆಯಲ್ಲಿಯೂ ಮಾತು ಕಡಿಮೆ ಮಾಡಿದ್ದಳು. ತಂದೆತಾಯಿಗಳು ಅವಳನ್ನು ಸಂಗೀತದ ತರಗತಿಗೆ ಸೇರಿಸಿದರು. ಕನ್ನಡಿಗರ ಕೂಟಗಳಿಗೆ ಕರೆದುಕೊಂಡು ಹೋದರು. ಎಲ್ಲ ಕಡೆಯಲ್ಲಿಯೂ, “ಹೋಗು, ಎಲ್ಲರ ಜೊತೆ ಮಾತಾಡು” ಎಂದು ಹೇಳುವವರೇ. ಮಾತಿಗೆ ಅಂಜುವವಳಿಗೆ ಇದಕ್ಕಿಂತ ದೊಡ್ಡ ಶಿಕ್ಷೆ ಬೇರೆ ಇಲ್ಲ.

ಅವರ ಮನೆಯ ಆಚೆ, ಬೇಲಿ ದಾಟಿದರೆ, ಒಬ್ಬ ವೃದ್ಧೆಯ ಕುದುರೆಲಾಯ. ಎಪ್ಪತ್ತು ದಾಟಿದ ವಯಸ್ಸು. ಮೂವತ್ತು ವರ್ಷಗಳಿಂದ ದೂರಸವಾರಿ ಮಾಡಿದವಳು. ಶಾಲೆಯಿಂದ ಬರುವಾಗ ಹುಡುಗಿ ದಿನವೂ ಬೇಲಿಯ ಹತ್ತಿರ ಒಂದಷ್ಟು ಹೊತ್ತು ನಿಲ್ಲುತ್ತಿದ್ದಳಂತೆ. ವೃದ್ಧೆ ಹೆಸರನ್ನು ಕೇಳಲಿಲ್ಲ, ಊರನ್ನು ಕೇಳಲಿಲ್ಲ. ಒಂದು ದಿನ, “ಸುಮ್ಮನೆ ನಿಂತಿದ್ದೀಯಲ್ಲ, ಆ ಬಕೆಟ್ಟನ್ನು ಇತ್ತ ತಾ” ಎಂದಳಂತೆ. ಮರುದಿನ ಬಕೆಟ್ಟು ತರುವುದರ ಜೊತೆಗೆ ನೀರು ತುಂಬುವ ಕೆಲಸವೂ ಬಂತು. ಅದರಾಚೆಯ ವಾರ ಲದ್ದಿ ಬಾಚುವುದು. ಆಮೇಲೆ ಗೊರಸಿನ ಸಂದಿಯ ಕಲ್ಲು ಮಣ್ಣನ್ನು ಕೆದಕಿ ತೆಗೆಯುವುದು, ಮೈ ಉಜ್ಜುವುದು, ಜೀನಿನ ತೊಗಲಿಗೆ ಎಣ್ಣೆ ಹಚ್ಚುವುದು. ಮೂರು ತಿಂಗಳು ಹೀಗೆ ಕಳೆದ ಮೇಲೆ ಅವಳನ್ನು ಹದಿನೆಂಟು ವರ್ಷದ ಸಾಧು ಕುದುರೆಯೊಂದರ ಮೇಲೆ ಹತ್ತಿಸಿದ್ದು. ನಾನು ಅಲ್ಲಿಗೆ ಹೋಗುವ ಹೊತ್ತಿಗೆ ನಾದಿನಿಗೆ ಒಂದು ಕಡೆ ಸಂತೋಷ, ಇನ್ನೊಂದು ಕಡೆ ಸಂಕೋಚ. “ಲದ್ದಿ ಬಾಚೋದಕ್ಕೆ ಇವಳು ಅಮೆರಿಕದವರೆಗೂ ಬರಬೇಕಿತ್ತೆ, ಭಾವ?” ಎಂದು ನನ್ನನ್ನು ಕೇಳಿದಳು. ನಾನು ಉತ್ತರ ಹೇಳಲಿಲ್ಲ. ಊಟದ ಹೊತ್ತಿನಲ್ಲಿ ಹುಡುಗಿ ಕುದುರೆಯ ವಿಚಾರವಾಗಿ ಅರ್ಧ ಗಂಟೆ ಎಡೆಬಿಡದೆ ಮಾತಾಡಿದ್ದನ್ನು ನಾವಿಬ್ಬರೂ ಕೇಳಿದ್ದೆವು, ಅದೇ ಉತ್ತರವಾಗಿತ್ತು.

ಮೇ ತಿಂಗಳಲ್ಲಿ ಹತ್ತಿರದ ಬೆಟ್ಟಗಳಲ್ಲಿ ಒಂದು ಸವಾರಿ ಏರ್ಪಟ್ಟಿತ್ತು. ಇಪ್ಪತ್ತೈದು ಮೈಲಿಯ ಕಿರುಸವಾರಿಗೆ ಹುಡುಗಿ ಹೆಸರು ಕೊಟ್ಟಳು. ಆ ಸಂಘದ ನಿಯಮದಂತೆ ಹದಿನಾರು ವರ್ಷದೊಳಗಿನವರು ಒಬ್ಬರೇ ಹೋಗುವಂತಿಲ್ಲ. ಹಿರಿಯ ಸವಾರರೊಬ್ಬರು ಅವರ ಹೊಣೆ ಹೊತ್ತು, ಆರಂಭದಿಂದ ಕೊನೆಯವರೆಗೆ ಜೊತೆಯಲ್ಲಿಯೇ ಸಾಗಬೇಕು. ವೃದ್ಧೆಯೇ ಹೊಣೆಗೆ ನಿಂತಳು. ನಾನು ಪ್ರೇಕ್ಷಕನಾಗಿ ಹೋದವನು. ಆದರೆ ಆ ಬಯಲಿನಲ್ಲಿ ಪ್ರೇಕ್ಷಕರಿಗೆ ಎಡೆಯಿಲ್ಲ. ಕಾರಿನಿಂದಿಳಿದು ಹತ್ತು ನಿಮಿಷವಾಗಿರಲಿಲ್ಲ, ಯಾರೋ ಒಬ್ಬರು ಬಂದು, “ನಿಮ್ಮ ಕೈಬರಹ ಚೆನ್ನಾಗಿದೆಯೆ?” ಎಂದು ಕೇಳಿದರು. ಇಪ್ಪತ್ತು ವರ್ಷ ಕರಿಹಲಗೆಯ ಮೇಲೆ ಬರೆದವನು ಏನು ಹೇಳಿಯಾನು? ಪಶುವೈದ್ಯೆಯೊಬ್ಬರ ಪಕ್ಕದಲ್ಲಿ ನಿಂತು, ಅವರು ಹೇಳಿದ್ದನ್ನು ಪ್ರತಿ ಕುದುರೆಯ ಚೀಟಿಯಲ್ಲಿ ಬರೆಯುವ ಲಿಪಿಕಾರನ ಕೆಲಸ ನನ್ನ ಪಾಲಿಗೆ ಬಂತು. ‘ಒಸಡು ಎ, ಕರುಳು ಬಿ, ನಡೆ ಎ’ – ಹೀಗೆ ಅಂಕಪಟ್ಟಿ. ಮೌಲ್ಯಮಾಪನದ ಬೇಸರ ಅಲ್ಲಿಯೂ ನನ್ನನ್ನು ಬಿಡಲಿಲ್ಲವೆಂದು ನಗು ಬಂತು. ಆದರೆ ಒಂದು ಗಂಟೆಯೊಳಗೆ ಮೂವತ್ತು ಜನ ನನ್ನನ್ನು ಗುರುತಿಸಿ ಮಾತಾಡಿಸುವಂತಾದದ್ದು ಆ ಚೀಟಿಯ ದೆಸೆಯಿಂದಲೇ.

ಸವಾರಿಯ ಹಿಂದಿನ ಸಂಜೆ ಎಲ್ಲರೂ ಬಯಲಿನಲ್ಲಿಯೇ ಬಿಡಾರ ಬಿಡುತ್ತಾರೆ. ಪ್ರತಿಯೊಂದು ಕುದುರೆಯ ಹಿಂದೊಡೆಯ ಮೇಲೂ ಬಣ್ಣದ ಕಡ್ಡಿಯಿಂದ ಸಂಖ್ಯೆ ಬರೆದಿರುತ್ತದೆ. ಒದೆಯುವ ಕುದುರೆಯ ಬಾಲಕ್ಕೆ ಕೆಂಪು ಪಟ್ಟಿ, ಹೊಸ ಕುದುರೆಯ ಬಾಲಕ್ಕೆ ಹಸುರು ಪಟ್ಟಿ. ಇದರ ಮರ್ಮ ನನಗೆ ತುಂಬ ಹಿಡಿಸಿತು. ಹಸುರು ಪಟ್ಟಿಯನ್ನು ಕಂಡವರು ತಾವಾಗಿಯೇ ದೂರ ಸರಿದು ದಾರಿ ಕೊಡುತ್ತಾರೆ. ತಾನು ಹೊಸಬನೆಂದು ಹೇಳಿಕೊಳ್ಳುವ ಸಂಕೋಚವೇ ಇಲ್ಲದಂತೆ ಅದನ್ನು ಎಲ್ಲರ ಕಣ್ಣಿಗೆ ಕಾಣುವಂತೆ ಕಟ್ಟಿಬಿಟ್ಟರೆ, ಮುಂದಿನದನ್ನು ಉಳಿದವರು ನೋಡಿಕೊಳ್ಳುತ್ತಾರೆ. ಕತ್ತಲಾಗುವ ಮುನ್ನ ಸಭೆ ಸೇರಿತು. ವೈದ್ಯರೂ ವ್ಯವಸ್ಥಾಪಕರೂ ದಾರಿಯ ಗುರುತುಗಳನ್ನು ವಿವರಿಸಿದರು. ಆಮೇಲೆ, “ಮೊದಲ ಸಲ ಬಂದವರು ಕೈಯೆತ್ತಿ” ಎಂದರು. ಆರೇಳು ಕೈಗಳೆದ್ದವು, ಅವುಗಳಲ್ಲಿ ನಮ್ಮ ಹುಡುಗಿಯದೂ ಒಂದು. “ಇವರ ಮುಖಗಳನ್ನು ನೆನಪಿಟ್ಟುಕೊಳ್ಳಿ. ನಾಳೆ ದಾರಿಯಲ್ಲಿ ಕಂಡರೆ ಮಾತಾಡಿಸಿ” ಎಂದು ವ್ಯವಸ್ಥಾಪಕರು ಉಳಿದವರಿಗೆ ಹೇಳಿದರು. ಮಾತಾಡಿಸುವ ಭಾರ ಹಳಬರ ಮೇಲೆ ಬಿತ್ತು. ‘ಹೋಗು, ಮಾತಾಡು’ ಎಂದು ಹೊಸಬರನ್ನು ನೂಕುವ ನಮ್ಮ ಪದ್ಧತಿಗೂ ಇದಕ್ಕೂ ಇರುವ ಅಂತರ ದೊಡ್ಡದು.

ಅವರವರು ತಂದ ಅಡಿಗೆಯನ್ನು ಉದ್ದನೆಯ ಮೇಜಿನ ಮೇಲಿಟ್ಟು ಎಲ್ಲರೂ ಹಂಚಿಕೊಂಡು ಉಂಡರು. ನಾದಿನಿಯ ಚಿತ್ರಾನ್ನ ಮೊದಲು ಖಾಲಿಯಾಯಿತು. ಊಟದ ನಡುವೆ ಒಬ್ಬರು, ನಿಮ್ಮ ಭಾಷೆಯಲ್ಲಿ ಕುದುರೆಯ ಸವಾರನಿಗೆ ಏನೆನ್ನುತ್ತೀರೆಂದು ಕೇಳಿದರು. ‘ರಾವುತ’ ಎಂದೆ. ಲಾಯದ ಅಧಿಕಾರಿಗೆ ‘ಸಾಹಣಿ’ ಎಂಬ ಹೆಸರಿತ್ತೆಂದೂ, ಕುದುರೆಯನ್ನು ತಿದ್ದುವ ಬಯಲಿಗೆ ‘ವಯ್ಯಾಳಿ’ ಎನ್ನುತ್ತಿದ್ದರೆಂದೂ, ಕಲ್ಯಾಣದ ಚಾಲುಕ್ಯ ಅರಸು ಮೂರನೆಯ ಸೋಮೇಶ್ವರ ಹನ್ನೆರಡನೆಯ ಶತಮಾನದಲ್ಲಿಯೇ ‘ಮಾನಸೋಲ್ಲಾಸ’ದಲ್ಲಿ ಕುದುರೆಗಳ ಲಕ್ಷಣವನ್ನೂ ವಯ್ಯಾಳಿಯ ವಿನೋದವನ್ನೂ ವಿವರಿಸಿದ್ದಾನೆಂದೂ ಹೇಳಿದೆ. ಅಲ್ಲಿ ಕಟ್ಟಿದ್ದ ಕುದುರೆಗಳಲ್ಲಿ ಹೆಚ್ಚಿನವು ಅರಬ್ಬಿ ತಳಿಯವು. ಒಣಹವೆಯಲ್ಲಿ ದೂರ ಸಾಗಲು ಆ ತಳಿಗೆ ಸಮನಾದದ್ದು ವಿರಳ. ಇದೇ ಅರಬ್ಬಿ ಕುದುರೆಗಳಿಗಾಗಿ ವಿಜಯನಗರದ ಅರಸರು ಹೊನ್ನಾವರ, ಭಟ್ಕಳಗಳ ರೇವುಗಳ ಕಡೆ ಕಣ್ಣಿಟ್ಟು ಕಾಯುತ್ತಿದ್ದರು. ಹೊರ್ಮುಜಿನ ಕುದುರೆಗಳೂ ನಾಡಕುದುರೆಗಳೂ ಸೇರಿ ವರ್ಷಕ್ಕೆ 13,000 ಕುದುರೆಗಳನ್ನು ಅರಸನು ಕೊಳ್ಳುತ್ತಿದ್ದನೆಂದು ಪೋರ್ಚುಗೀಸ್ ಬರೆಹಗಾರ ನೂನಿಜ್ ದಾಖಲಿಸಿದ್ದಾನೆ. ಇದನ್ನು ಕೇಳಿ ಅವರಿಗೆ ಆಶ್ಚರ್ಯ. ನನ್ನ ಊರಿನ ಕೆರೆಯೇರಿಯ ವೀರಗಲ್ಲಿನ ಮೇಲೆ ಕುದುರೆಯೇರಿದ ಹೆಸರಿಲ್ಲದ ರಾವುತನನ್ನು ನಾನು ಆ ರಾತ್ರಿ ಬಹಳ ದಿನಗಳ ಮೇಲೆ ನೆನೆದೆ.

ಮರುದಿನ ಬೆಳಗ್ಗೆ ಏಳು ಗಂಟೆಗೆ ಸವಾರಿ ಹೊರಟಿತು. ಮೊದಲ ಸುತ್ತು ಹದಿನೈದು ಮೈಲಿ. ಬಿಡಾರಕ್ಕೆ ಬಂದು, ತಪಾಸಣೆ ಮುಗಿಸಿ, ಮುಕ್ಕಾಲು ಗಂಟೆ ವಿಶ್ರಮಿಸಿ, ಮತ್ತೆ ಹತ್ತು ಮೈಲಿ. ಹತ್ತು ಗಂಟೆಯ ಸುಮಾರಿಗೆ ವೃದ್ಧೆಯೂ ಹುಡುಗಿಯೂ ಬಂದರು. ಹುಡುಗಿಯ ಕುದುರೆ ಎಲ್ಲದರಲ್ಲಿಯೂ ಸರಿಯಾಗಿತ್ತು. ವೃದ್ಧೆಯ ಕುದುರೆಯನ್ನು ಓಡಿಸಿದಾಗ ವೈದ್ಯೆ ಹುಬ್ಬುಗಂಟಿಕ್ಕಿದರು, ಇನ್ನೊಮ್ಮೆ ಓಡಿಸೆಂದರು. ಎಡ ಮುಂಗಾಲಿನಲ್ಲಿ ಕುಂಟು. ಕಲ್ಲಿನ ಮೇಲೆ ಕಾಲಿಟ್ಟಿತ್ತೋ ಏನೋ. ‘ನಡೆ ಸಿ’ ಎಂದು ನನ್ನ ಕೈಯಿಂದಲೇ ಬರೆಯಬೇಕಾಯಿತು. ವೃದ್ಧೆ ವಾದಿಸಲಿಲ್ಲ. ಕುದುರೆಯ ಕತ್ತನ್ನು ಸವರಿ, “ನೀನು ಹೇಳಿದ್ದು ಒಳ್ಳೆಯದಾಯಿತು” ಎಂದಳು. ಆದರೆ ಹೊಣೆಗಾರಳೇ ನಿಂತ ಮೇಲೆ ಹುಡುಗಿಯೂ ನಿಲ್ಲಬೇಕು, ನಿಯಮ ನಿಯಮವೇ. ಹುಡುಗಿ ಲಗಾಮು ಹಿಡಿದು ನೆಲ ನೋಡುತ್ತ ನಿಂತಳು. ನಾನು ಚೀಟಿಗಳನ್ನು ಬಿಟ್ಟು ಹೋಗುವಂತಿರಲಿಲ್ಲ.

ಆಗ ವೃದ್ಧೆ, ಓಕ್ ಮರದ ನೆರಳಿನಲ್ಲಿ ವಿಶ್ರಮಿಸುತ್ತಿದ್ದ ಸವಾರರ ಬಳಿಗೆ ಹೋಗಿ, “ಈ ಹುಡುಗಿಗೆ ಉಳಿದ ಹತ್ತು ಮೈಲಿಗೆ ಒಬ್ಬರು ಜೊತೆ ಬೇಕು” ಎಂದಳು. ಅಷ್ಟೇ ಮಾತು. ಮನೆಗಳ ಸೂರು ಹೊದಿಸುವ ಕೆಲಸದವನೊಬ್ಬ, ಐವತ್ತರ ಆಸುಪಾಸಿನವನು, ಎದ್ದು ಬಂದ. ಹುಡುಗಿಯನ್ನು ಅವನು ಹಿಂದೆ ಕಂಡವನಲ್ಲ. ಅವನು ಹೊರಡಬೇಕಾದ ಹೊತ್ತು ಅವಳದಕ್ಕಿಂತ ಇಪ್ಪತ್ತು ನಿಮಿಷ ಮುಂಚೆಯಿತ್ತು. ಅಷ್ಟು ಹೊತ್ತನ್ನೂ ಕಾದ. ಹಿಂದೆ ಬಂದವರು ಒಬ್ಬೊಬ್ಬರಾಗಿ ಅವನನ್ನು ದಾಟಿ ಹೋದರು. ಅವನು ಹುಲ್ಲುಕಡ್ಡಿ ಕಡಿಯುತ್ತ ಕುಳಿತಿದ್ದ. ತನ್ನ ಮಗಳನ್ನು ಅಪರಿಚಿತನೊಡನೆ ಕಾಡಿಗೆ ಕಳುಹಿಸಬೇಕೆ ಎಂಬ ಅಳುಕು ನಾದಿನಿಯ ಮುಖದಲ್ಲಿ ಕಂಡಿತು. ವೃದ್ಧೆ ಅವಳ ಕೈಹಿಡಿದು, “ಇವನನ್ನು ನಾನು ಹದಿನೈದು ವರ್ಷದಿಂದ ಬಲ್ಲೆ. ಇವನ ಮಗಳನ್ನು ನಾನೇ ಮೊದಲ ಸವಾರಿಗೆ ಕರೆದುಕೊಂಡು ಹೋದದ್ದು” ಎಂದಳು. ಅರಳಿಕಟ್ಟೆಯ ಮೇಲಿನ ನಂಟು ಸಿಕ್ಕಿದಂತಾಯಿತು. ನಾದಿನಿ ತಲೆಯಾಡಿಸಿದಳು.

ಹನ್ನೆರಡೂವರೆಗೆ ಅವರಿಬ್ಬರೂ ಹಿಂದಿರುಗಿದರು. ಕುದುರೆಗಳ ಎದೆಬಡಿತ ಇಳಿಯಲೆಂದು ಕೊನೆಯ ಮೈಲಿಯನ್ನು ಇಬ್ಬರೂ ಕೆಳಗಿಳಿದು ನಡೆದುಕೊಂಡೇ ಬಂದಿದ್ದರು. ಅರ್ಧ ಗಂಟೆಯೊಳಗೆ ಬಡಿತ ಅರುವತ್ತಕ್ಕೆ ಬರಬೇಕು. ಮೊದಲು ನೋಡಿದಾಗ ಅರುವತ್ತೆಂಟು. ಯಾರೋ ಸ್ಪಂಜು ತಂದರು. ಇನ್ನಾರೋ ನೀರು ಹೊತ್ತು ತಂದರು. ಸೂರಿನ ಕೆಲಸದವನು ತನ್ನ ಕುದುರೆಯನ್ನು ಬೇರೊಬ್ಬರ ಕೈಗಿತ್ತು, ಹುಡುಗಿಯ ಕುದುರೆಯ ಕತ್ತಿಗೆ ನೀರು ಹೊಯ್ಯುತ್ತಿದ್ದ. ಅರುವತ್ತನಾಲ್ಕು; ಅರುವತ್ತೆರಡು. ಒಂಬತ್ತನೆಯ ನಿಮಿಷಕ್ಕೆ ಅರುವತ್ತು. ಆಮೇಲೆ ಓಡಿಸಿ ನೋಡಿದ ವೈದ್ಯೆ, “ನಡೆ ಎ” ಎಂದರು. ನಾನು ಬರೆದ ಅಕ್ಷರ ಸ್ವಲ್ಪ ದೊಡ್ಡದಾಗಿಯೇ ಬಿತ್ತೆಂದು ಕಾಣುತ್ತದೆ. ಮುಗಿಸಿದವರಿಗೆಲ್ಲ ಆ ದಿನ ಕೊಟ್ಟದ್ದು ಒಂದೊಂದು ಹಸುರು ಬಕೆಟ್ಟು.

“ದಾರಿಯಲ್ಲಿ ಏನು ಮಾತಾಡಿಕೊಂಡಿರಿ?” ಎಂದು ನಾನು ಸಂಜೆ ಕೇಳಿದೆ. “ಹೆಚ್ಚೇನೂ ಇಲ್ಲ, ದೊಡ್ಡಪ್ಪ. ನನ್ನ ಕುದುರೆ ನೀರು ಕುಡಿಯೋವರೆಗೂ ಅವರು ತಮ್ಮ ಕುದುರೆಯನ್ನ ನಿಲ್ಲಿಸಿಕೊಂಡಿದ್ದರು” ಎಂದಳು. ಇದು ಆ ಸಮಾಜದ ಅಲಿಖಿತ ಶಾಸನಗಳಲ್ಲಿ ಮೊದಲನೆಯದು. ಕುದುರೆ ಹಿಂಡಿನಲ್ಲಿ ಬಾಳುವ ಪ್ರಾಣಿ. ಜೊತೆಯದು ಹೊರಟರೆ ಬಾಯಾರಿದ್ದರೂ ನೀರು ಬಿಟ್ಟು ಅದರ ಹಿಂದೆ ಓಡುತ್ತದೆ. ಬಿಸಿಲಿನ ದಾರಿಯಲ್ಲಿ ನೀರು ತಪ್ಪಿದರೆ ಪ್ರಾಣಕ್ಕೇ ಅಪಾಯ. ಆದ್ದರಿಂದ ತೊಟ್ಟಿಯ ಬಳಿ ಪಕ್ಕದವರ ಕುದುರೆ ತಲೆಯೆತ್ತುವವರೆಗೆ ಕಾಯುವುದು ಕಡ್ಡಾಯ. ಈ ಕಾಯುವಿಕೆಯೇ ಅಲ್ಲಿ ಪರಿಚಯದ ಮೊದಲ ಪಾಠ.

ಎಲ್ಲ ದೇಶಗಳಲ್ಲಿಯೂ ದೂರಸವಾರಿ ಹೀಗೆಯೇ ಇದೆಯೆಂದು ನಾನು ಹೇಳಲಾರೆ. ಕೊಲ್ಲಿಯ ನಾಡುಗಳ ಸಮತಟ್ಟಾದ ಮರಳಿನಲ್ಲಿ ಅದು ವೇಗದ ಪಂದ್ಯವಾಗಿ ಬೆಳೆಯಿತು. ಕುದುರೆಗಳ ಕ್ಷೇಮಕ್ಕೆ ಕುಂದು ಬಂದಿತೆಂದು ಅಂತರರಾಷ್ಟ್ರೀಯ ಅಶ್ವಕ್ರೀಡಾ ಸಂಸ್ಥೆಯು 2015ರಲ್ಲಿ ಸಂಯುಕ್ತ ಅರಬ್ ಸಂಸ್ಥಾನಗಳ ಸಂಘವನ್ನು ಕೆಲವು ತಿಂಗಳು ಅಮಾನತಿನಲ್ಲಿಟ್ಟಿತು. ನಾನು ಹಿಂದಿರುಗಿ ಬಂದ ಮೇಲೆ, 2018ರ ಸೆಪ್ಟೆಂಬರಿನಲ್ಲಿ, ಅಮೆರಿಕದ ಟ್ರಯನ್ನಿನಲ್ಲಿ ನಡೆದ ವಿಶ್ವ ಅಶ್ವಕ್ರೀಡಾಕೂಟದ ದೂರಸವಾರಿಯನ್ನು ಸೆಕೆಯ ಕಾರಣದಿಂದ ನಡುವೆಯೇ ರದ್ದುಪಡಿಸಬೇಕಾಯಿತು. ಮೊದಲು ಬರುವುದೇ ಮುಖ್ಯವಾದಾಗ ತೊಟ್ಟಿಯ ಬಳಿ ಕಾಯುವವರು ಯಾರು? ‘ಮುಗಿಸಿದವನೇ ಗೆದ್ದವನು’ ಎಂಬ ಮಾತು ಕುದುರೆಯನ್ನು ಕಾಯುವುದರ ಜೊತೆಗೆ ಗೆಳೆತನವನ್ನೂ ಕಾಯುತ್ತದೆ. ನಿನ್ನ ಗೆಲುವಿನಿಂದ ನನ್ನ ಗೆಲುವು ಕುಗ್ಗದೆಂಬ ನಂಬಿಕೆಯಿದ್ದಲ್ಲಿ ಮಾತ್ರ ಹಳಬನು ಹೊಸಬನಿಗೆ ತನ್ನ ವಿದ್ಯೆಯನ್ನು ಬಚ್ಚಿಡದೆ ಹೇಳಿಕೊಡುತ್ತಾನೆ.

ಕುದುರೆಯೇ ಇಲ್ಲದವನಿಗೂ ಅಲ್ಲಿ ಎಡೆಯುಂಟೆಂಬುದಕ್ಕೆ ಒಂದು ನಿದರ್ಶನ ಪ್ರಸಿದ್ಧವಾಗಿದೆ. 1973ರಲ್ಲಿ ಗಾರ್ಡನ್ ಐನ್ಸ್ಲೀ ಎಂಬುವನ ಕುದುರೆ ಟೆವಿಸ್ ಸವಾರಿಯಲ್ಲಿ ಕುಂಟಿತು. ಮರುವರ್ಷ, 1974ರಲ್ಲಿ, ಅವನು ಕುದುರೆಗಳ ನಡುವೆ ತನ್ನ ಕಾಲಿನ ಮೇಲೆಯೇ ಹೊರಟು ನೂರು ಮೈಲಿಯನ್ನೂ ಇಪ್ಪತ್ತನಾಲ್ಕು ಗಂಟೆಯೊಳಗೆ ಓಡಿದ. ಇಂದು ಲೋಕಪ್ರಸಿದ್ಧವಾಗಿರುವ ‘ವೆಸ್ಟರ್ನ್ ಸ್ಟೇಟ್ಸ್’ ನೂರು ಮೈಲಿಯ ಓಟ ಹುಟ್ಟಿದ್ದು ಹಾಗೆ.

ತಮ್ಮನ ಮಗಳು ಈಗ ದೂರದ ಊರಿನ ಕಾಲೇಜಿನಲ್ಲಿ ಓದಿದವಳು; ಸವಾರಿ ಅಪರೂಪವಾಗಿದೆ. ಆದರೆ ಆ ಬೇಸಿಗೆಯ ಮೇಲೆ ಅವಳು ಶಾಲೆಯ ಪುಸ್ತಕಾಲಯದ ಮೂಲೆಯಲ್ಲಿ ಒಬ್ಬಳೇ ಕುಳಿತು ಉಣ್ಣಲಿಲ್ಲವಂತೆ. ಅವಳು ಮಾತುಗಾರ್ತಿಯಾದಳೆಂದು ಇದರ ಅರ್ಥವಲ್ಲ. ಇನ್ನೊಬ್ಬಳು ಹೊಸ ಹುಡುಗಿ ಶಾಲೆಗೆ ಬಂದಾಗ ಇವಳು ಹೋಗಿ, ತನ್ನ ಜೊತೆಯಲ್ಲಿ ವಿಜ್ಞಾನದ ಪ್ರಯೋಗಕ್ಕೆ ಕೈಗೂಡಿಸುವಂತೆ ಕೇಳಿಕೊಂಡಳೆಂದು ನಾದಿನಿ ಬರೆದಿದ್ದಳು.

ನಮ್ಮ ಕಾಲೇಜಿಗೆ ಪ್ರತಿ ವರ್ಷವೂ ಹಳ್ಳಿಗಳಿಂದ ಹೊಸ ವಿದ್ಯಾರ್ಥಿಗಳು ಬರುತ್ತಾರೆ. ಅವರಿಗೆ ಸ್ವಾಗತ ಸಮಾರಂಭ ಏರ್ಪಡಿಸುತ್ತೇವೆ, ಹೂವು ಕೊಡುತ್ತೇವೆ, ವೇದಿಕೆಗೆ ಕರೆದು, ನಿಮ್ಮ ಪರಿಚಯ ಹೇಳಿಕೊಳ್ಳಿರೆಂದು ಧ್ವನಿವರ್ಧಕವನ್ನು ಮುಂದಿಡುತ್ತೇವೆ. ನಡುಗುವ ದನಿಯಲ್ಲಿ ಹೆಸರು ಹೇಳಿ ಅವರು ಇಳಿದುಹೋಗುತ್ತಾರೆ. ಹಿಂದಿನ ಬೆಂಚಿನಲ್ಲಿ ಮೂರು ವರ್ಷ ಕಳೆಯುತ್ತಾರೆ. 2019ರಿಂದ ನಾನು ನಮ್ಮ ಕನ್ನಡ ಸಂಘದಲ್ಲಿ ಈ ಕ್ರಮವನ್ನು ಬಿಟ್ಟಿದ್ದೇನೆ. ಭಿತ್ತಿಪತ್ರಿಕೆಗೆ ಲೇಖನಗಳನ್ನು ನಕಲು ಮಾಡುವುದು, ಪುಸ್ತಕಗಳಿಗೆ ರಟ್ಟು ಹಾಕುವುದು, ಸಭೆಗೆ ಕುರ್ಚಿಗಳನ್ನು ಜೋಡಿಸುವುದು – ಇಂಥ ಒಂದು ಕೆಲಸವನ್ನು ಮೊದಲ ವಾರವೇ ಒಬ್ಬ ಹಳೆಯ ವಿದ್ಯಾರ್ಥಿಗೂ ಒಬ್ಬ ಹೊಸಬನಿಗೂ ಜೊತೆಯಾಗಿ ಒಪ್ಪಿಸುತ್ತೇನೆ. ಹೆಸರು, ಊರು, ಓದಿದ ಪುಸ್ತಕ ಇವೆಲ್ಲವೂ ಕೆಲಸದ ನಡುವೆ ತಾವಾಗಿಯೇ ಹೊರಬರುತ್ತವೆ. ಎಲ್ಲ ಜೋಡಿಗಳೂ ಗೆಳೆಯರಾಗುವುದಿಲ್ಲ, ಆಗಬೇಕೆಂದೂ ಇಲ್ಲ. ಆದರೆ ಕುರ್ಚಿಯ ಇನ್ನೊಂದು ತುದಿಯನ್ನು ಹಿಡಿದವನ ಹೆಸರನ್ನು ಯಾರೂ ಬೇಗ ಮರೆಯುವುದಿಲ್ಲ.